ಒಂದು ಕೊಂಡಿ ಮೇಲೆ

ಈ ಮರಳುಗಾಡಿನ ದೇಶದಲ್ಲಿ ಆಲದ ಮರ ಇಲ್ಲ, ಹಾಳು ಬಾವಿ ಇಲ್ಲ, ದೆವ್ವ ಎಲ್ಲಿ ಕೂತುಕೊಳ್ಳುತ್ತದೆ ಮಾರಾಯ ಅಂತ ಊಟದ ಹೊತ್ತಿಗೆ ನಗಾಡಿದೆಯಲ್ಲ ಶರಣ್... ನಗು. ಹೊಸತರಲ್ಲಿ ನಾನೂ ನಗಾಡಿದವನೇ. ಆದರೆ ನಿನ್ನ ಮಂಚದ ತಲೆಯ ಮೇಲೆ ಮೊಳೆಗೆ ನೇತುಹಾಕಿದ ಉಯ್ಯಾಲೆ ಹಲಗೆ ಉಂಟಲ್ಲ, ಎರಡು ಚೈನಿನದ್ದು, ಅದನ್ನು ಮಾತ್ರ ಮುಟ್ಟಬೇಡ. ಟವೆಲ್ ಒಣಗಿಸಲಿಕ್ಕೂ ಬೇಡ. ಯಾಕೆ ಅಂತ ಹೇಳ್ತೇನೆ. ಲೈಟ್ ಆಫ್ ಮಾಡು, ಆಚೆ ಮಂಚದ ಇಬ್ಬರಿಗೆ ನಾಲ್ಕು ಗಂಟೆಗೆ ಡ್ಯೂಟಿ. ಮೆಲ್ಲ ಹೇಳ್ತೇನೆ, ಕೇಳು.

ಇದು ನನ್ನ ದೊಡ್ಡಮ್ಮನ ಮಗನಿಗೆ ಆದದ್ದು. ದೂಮಪ್ಪಣ್ಣ, ಈಗ ನೈಟ್ ಡ್ಯೂಟಿಗೆ ಹೋದನಲ್ಲ, ಅವನಿಗೇ.

ಎರಡು ವರ್ಷದ ಹಿಂದೆ, ಒಂದು ಶುಕ್ರವಾರ ರಾತ್ರಿ. ಅಣ್ಣ ಅಬು ಹಮೂರಿನಲ್ಲಿ ಯಾರದೋ ಅಡುಗೆಮನೆಯ ಕಪಾಟಿನ ಕೆಲಸ ಮುಗಿಸಿ ಬಸ್ ಸ್ಟಾಪಿಗೆ ನಡೆದು ಬರುತ್ತಿದ್ದ. ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚೂ ಅವತ್ತೇ, ಬಂದ ಜನ ಎಲ್ಲ ಹೋಗಿ ರಸ್ತೆ ಖಾಲಿ. ಎರಡೂ ಬದಿ ವಿಲ್ಲಾಗಳ ಎತ್ತರದ ಗೋಡೆ. ಎಸಿಗಳ ಗುಂಯ್ ಬಿಟ್ಟರೆ ಏನೂ ಇಲ್ಲ. ಆಗ ಒಂದು ಗೋಡೆಯ ಹಿಂದಿನಿಂದ ಕೇಳಿತು... ಕಿರ್ರ್... ಟಕ್. ಕಿರ್ರ್... ಟಕ್. ನಡುನಡುವೆ ಸರ್ರಕ್ ಅಂತ, ಮರಳಿನ ಮೇಲೆ ಏನೋ ಎಳೆದ ಹಾಗೆ.

ಅಣ್ಣ ನಿಂತ. ಕಿರ್ರ್ ಅಂದರೆ ತೊಲೆಯ ಕೆಳಗಿನ ಕೊಕ್ಕೆ. ಟಕ್ ಅಂದರೆ ಚೈನು ಹಿಂದಕ್ಕೆ ಬಂದು ಬ್ರಾಕೆಟಿಗೆ ತಾಗುವುದು. ತಾನೇ ಕಟ್ಟಿದ ಉಯ್ಯಾಲೆ, ಅವನಿಗೆ ಗೊತ್ತಾಗದೆ ಇರುತ್ತದಾ? ಸರ್ರಕ್ ಎಂತದು ಅಂತಲೂ ಗೊತ್ತಿತ್ತು. ಅದಕ್ಕೇ ಅವನ ಕಾಲು ಮುಂದೆ ಹೋಗಲಿಲ್ಲ.

ತಡಿ, ಅದು ಅರ್ಥ ಆಗಬೇಕಾದರೆ ಹಿಂದಿನದ್ದು ಹೇಳಬೇಕು.

ಅದಕ್ಕೂ ಎರಡು ವರ್ಷ ಮೊದಲು, ಚಳಿಗಾಲದಲ್ಲಿ ಅಣ್ಣನಿಗೆ ಆ ವಿಲ್ಲಾದಿಂದ ಫೋನ್ ಬಂದಿತ್ತು. ಗೋಪಿನಾಥ್ ಅಂತ, ಮೈಸೂರಿನವರು, ಮುಶೈರಿಬ್‌ನಲ್ಲಿ ಆಫೀಸು. ಹೆಂಡತಿ ರತ್ನಪ್ರಭಾ. ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಪೈನ್ ಮರ ಬಂದು ಬಿದ್ದಿತ್ತು, ಟಾರ್ಪಾಲಿನ ಮೇಲೆ ಒಂದು ಬೆರಳು ದಪ್ಪ ಧೂಳು. ದಪ್ಪ ಕಂಬ ನಾಲ್ಕು, ತೊಲೆ ಒಂದು, ಡಬ್ಬಿ ತುಂಬ ಕಬ್ಬಿಣದ ಬ್ರಾಕೆಟ್, ಬೋಲ್ಟು. ಮಗಳಿಗೆ ಉಯ್ಯಾಲೆ ಕಟ್ಟಿಕೊಡಿ ಅಂದರು ಆ ಅಮ್ಮ. ಅಣ್ಣನ ಕೆಲಸ ನಿನಗೆ ಗೊತ್ತಲ್ಲ, ಆನೆ ಕೂತರೂ ಅಲ್ಲಾಡಬಾರದು. ಕಂಬಗಳನ್ನು ಎರಡೆರಡಾಗಿ ಕಾಲು ಅಗಲಿಸಿ ನಿಲ್ಲಿಸಿದ, ತುದಿಗೆ ಬ್ರಾಕೆಟ್ ಕೂರಿಸಿದ, ತೊಲೆಯನ್ನು ಅದರ ಬಾಯಿಗೆ ಇಳಿಸಿ ಬೋಲ್ಟ್ ಬಿಗಿದ. ಮರಳು ನೆಲ ನಂಬುವ ಹಾಗಿಲ್ಲ ಅಂತ ನಾಲ್ಕೂ ಕಾಲಿಗೆ ಕಾಂಕ್ರೀಟ್ ಹೊಯ್ದ. ಎರಡು ಶುಕ್ರವಾರದ ಕೆಲಸ.

ಕೊನೆಗೆ ಹಲಗೆಯ ಎತ್ತರ. ಮಗುವನ್ನು ಕೂರಿಸಿ ನೋಡಿಯೇ ಚೈನು ಕಟ್ಟುವುದು ಅಣ್ಣನ ಕ್ರಮ. ಕೂತರೆ ಪಾದ ನೆಲಕ್ಕೆ ಮುಟ್ಟಬೇಕು, ಆದರೆ ಉಜ್ಜಬಾರದು.

"ಮಗು ಎಲ್ಲಿ ಉಂಟು ಅಮ್ಮ? ಒಮ್ಮೆ ಕರೀರಿ."

"ಮಲಗಿದಾಳೆ," ಅಂದರಂತೆ ರತ್ನಪ್ರಭಾ. ಒಳಗೆ ಹೋಗಿ ಒಂದು ಬಿಳಿ ದಾರ ತಂದರು. ದಾರದಲ್ಲಿ ಒಂದು ಗಂಟು. "ಮಂಡಿಯಿಂದ ಹಿಮ್ಮಡಿಗೆ ಇಷ್ಟು. ನಾಲ್ಕು ವರ್ಷ ಅವಳಿಗೆ."

ಅಣ್ಣ ಆ ದಾರ ಹಿಡಿದು ಹಲಗೆ ಕಟ್ಟಿದ. ಚೈನಿನ ಕೊಂಡಿಯನ್ನು ಹಲಗೆಗೆ ಸೇರಿಸುವ ಕಬ್ಬಿಣದ ಬಳೆ, ಶ್ಯಾಕಲ್, ಹಾಕಿ ಪಿನ್ನು ತಿರುಗಿಸಿದ, ಕೆಳಗೆ ಪ್ರತಿ ಬದಿ ಎರಡು ಕೊಂಡಿ ಸುಮ್ಮನೆ ನೇತಾಡಿಕೊಂಡು ಉಳಿಯಿತು. ಮಗು ಬೆಳೆದ ಹಾಗೆ ಶ್ಯಾಕಲನ್ನು ಒಂದೊಂದೇ ಕೊಂಡಿ ಮೇಲೆ ಹಾಕುತ್ತಾ ಹೋಗಬೇಕು, ಆಗ ನೇತಾಡುವ ಕೊಂಡಿ ಜಾಸ್ತಿ ಆಗುತ್ತದೆ. ಇದೊಂದು ನೆನಪಿಟ್ಟುಕೋ. ಹೊರಡುವಾಗ ಆ ಅಮ್ಮ ಹಲಗೆಯನ್ನು ಮೆಲ್ಲ ತೂಗಿ ಬಿಟ್ಟರು. ಅಣ್ಣನಿಗೆ ಕಸಿವಿಸಿ.

"ಖಾಲಿ ತೂಗಬಾರದು ಅಮ್ಮ."

ಅವರು ನಕ್ಕರು. ನಿಲ್ಲಿಸಲಿಲ್ಲ.

ಬೇಸಿಗೆ ಕಳೆದ ಮೇಲೆ ಮತ್ತೆ ಫೋನು. ಇಲ್ಲಿಯ ಸೆಕೆಗೆ ಮರ ಒಣಗಿ ಕುಗ್ಗುತ್ತದೆ, ಬೋಲ್ಟು ಸಡಿಲ ಆಗುತ್ತದೆ, ಅದು ಸಹಜ. ಅಣ್ಣ ಹೋಗಿ ಎಲ್ಲ ಬಿಗಿ ಮಾಡಿದ. ಹಲಗೆಯ ಕೆಳಗೆ ಮರಳಿನಲ್ಲಿ ಎರಡು ಗೀರು ಬಿದ್ದಿತ್ತು, ಅಕ್ಕಪಕ್ಕ, ಮಕ್ಕಳು ಕಾಲು ಎಳೆದ ಹಾಗೆ. ಅಮ್ಮ ಹೊಸ ದಾರ ಕೊಟ್ಟರು. ಮೊದಲಿನದ್ದಕ್ಕಿಂತ ಒಂದು ಬೆರಳು ಉದ್ದ.

"ಒಂದು ಕೊಂಡಿ ಮೇಲೆ ಹಾಕ್ಬಿಡಿ ದೂಮಪ್ಪನವರೇ. ಕಾಲು ಉಜ್ತಾ ಇದೆ."

"ಮಗು?"

"ಮಲಗಿದಾಳೆ."

ಹಾಕಿದ. ಮೂರು ಕೊಂಡಿ ನೇತಾಡಿತು. ಮತ್ತೆ ಆರು ತಿಂಗಳಿಗೆ ಇನ್ನೊಂದು ದಾರ, ಇನ್ನೊಂದು ಕೊಂಡಿ. ನಾಲ್ಕಾಯಿತು. ಆಗಲೂ ಮಗು ಮಲಗಿಯೇ ಇತ್ತು. ಮಧ್ಯಾಹ್ನ ಮೂರು ಗಂಟೆ, ಯಾವ ಮಗು ಮಾರಾಯ ಪ್ರತಿ ಸಲ ಮಲಗುವುದು? ಅಂಗಳದಲ್ಲಿ ಒಂದು ಸಣ್ಣ ಚಪ್ಪಲಿ ಇಲ್ಲ, ಹಗ್ಗದ ಮೇಲೆ ಒಂದು ಸಣ್ಣ ಅಂಗಿ ಇಲ್ಲ. ಅವತ್ತು ಗೋಪಿನಾಥ್ ಸಾರ್ ಗೇಟಿನವರೆಗೆ ಬಂದರು. ಮಾತು ಪಿಸುಗುಟ್ಟಿದ್ದು.

"ಮಗು ಇಲ್ಲ ದೂಮಪ್ಪ. ನೀವು ಬರೋಕೆ ಮೂರು ತಿಂಗಳು ಮುಂಚೇನೇ ಹೋಯ್ತು."

ಅಣ್ಣ ಎತ್ತಿದ ಚೀಲವನ್ನು ಕೆಳಗಿಟ್ಟ.

ಆಶ್ರಿತಾ ಅಂತ ಹೆಸರು. ಇಬ್ಬರೂ ಇಲ್ಲಿ ಕೆಲಸಕ್ಕೆ ಬಂದು ನಿಂತದ್ದು, ಮಗು ಮೈಸೂರಿನಲ್ಲಿ ಅಜ್ಜಿಯ ಹತ್ತಿರ. ವೀಸಾ ಆಗಿತ್ತು, ಟಿಕೆಟ್ ಆಗಿತ್ತು, ಇಲ್ಲಿ ಉಯ್ಯಾಲೆಯ ಮರವೂ ಬಂದು ಬಿದ್ದಿತ್ತು. ಟಿಕೆಟಿಗೆ ಒಂಬತ್ತು ದಿನ ಇರುವಾಗ ಜ್ವರ. ನಾಲ್ಕೇ ದಿನದ ಜ್ವರ.

"ಆ ಗೀರು ಅವಳೇ ಎಳೀತಾಳೆ ಅನ್ಸುತ್ತೆ, ನನ್ನ ಹೆಂಡ್ತಿ, ರಾತ್ರಿ ಎದ್ದು. ದಾರ ಎಲ್ಲಿಂದ ಅಳೀತಾಳೋ ಗೊತ್ತಿಲ್ಲ. ನಂಗೆ ಏನೂ ಕೇಳ್ಸಲ್ಲ, ಏನೂ ಕಾಣಲ್ಲ." ಸಾರ್ ಅಣ್ಣನ ಕೈ ಹಿಡಿದುಕೊಂಡರಂತೆ. "ಮುಂದಿನ ಸಲ ಕರೆದ್ರೆ ಬರಬೇಡಿ. ನೀವು ಮೇಲೆ ಹಾಕ್ತಾ ಹೋದ್ರೆ ಮಗು ನಮ್ಮನೇಲಿ ಬೆಳೀತಾನೇ ಹೋಗುತ್ತೆ. ಇವಳನ್ನಾದ್ರೂ ನಾನು ಉಳಿಸ್ಕೋಬೇಕು."

"ಬರುದಿಲ್ಲ ಸಾರ್," ಅಂದ ಅಣ್ಣ. ದೇವರಾಣೆ ಹಾಕಿ ಬಂದ.

ಆಮೇಲಿನ ಫೋನುಗಳನ್ನು ಅಣ್ಣ ಎತ್ತಲೇ ಇಲ್ಲ. ಒಂದು ದಿನ ತಪ್ಪಿ ಎತ್ತಿದ. ಆಚೆಯಿಂದ ಇಷ್ಟೇ ಕೇಳಿದ್ದು: "ಹಿಮ್ಮಡಿ ಒಡೆದುಹೋಗಿದೆ ಅವಳದ್ದು... ಒಂದೇ ಒಂದು ಕೊಂಡಿ..." ಕಟ್ ಮಾಡಿದ.

ಈಗ ಗೊತ್ತಾಯಿತಾ, ಆ ರಾತ್ರಿ ಗೋಡೆಯ ಹೊರಗೆ ಅಣ್ಣ ಯಾಕೆ ನಿಂತ ಅಂತ?

ಹಿಂದಿನ ಗೇಟಿನ ಸಂದಿಯಿಂದ ನೋಡಿದ. ಅಂಗಳದ ದೀಪ ಉರಿಯುತ್ತಿತ್ತು. ಉಯ್ಯಾಲೆ ತೂಗುತ್ತಿತ್ತು. ಗಾಳಿ ಇಲ್ಲ ಶರಣ್, ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ರತ್ನಪ್ರಭಾ ಅಮ್ಮ ಅಡುಗೆಮನೆಯ ಕಿಟಕಿಯ ಒಳಗೆ ಇದ್ದರು, ಎರಡೂ ಕೈ ಕಿಟಕಿಯ ಸರಳಿನ ಮೇಲೆ. ಹಲಗೆಯ ಹತ್ತಿರ ಯಾರೂ ಇಲ್ಲ. ಕಿರ್ರ್... ಟಕ್. ಸರ್ರಕ್. ಪ್ರತಿ ಸರ್ರಕ್‌ಗೆ ಮರಳು ಒಂದು ಹಿಡಿಯಷ್ಟು ಹಾರುತ್ತಿತ್ತು. ಗೀರು ಗೇಣುದ್ದ ಆಳ ಹೋಗಿತ್ತು.

ನಾನಾದರೆ ಓಡುತ್ತಿದ್ದೆ. ಅಣ್ಣ ಓಡಲಿಲ್ಲ. ಯಾಕೆ ಅಂತ ನಾನು ಕೇಳಿದ್ದೆ. ಗ್ರೀಷ್ಮಾ ನೆನಪಾಯಿತು ಅಂದ. ಅಣ್ಣನ ಮಗಳು, ಊರಲ್ಲಿ ಇರುವವಳು. "ವಿಡಿಯೋ ಕಾಲಿನಲ್ಲಿ ಮುಖ ಮಾತ್ರ ಕಾಣುವುದು ಕೃತಿಕ್, ಉದ್ದ ಎಷ್ಟಾಗಿದ್ದಾಳೆ ಅಂತ ಕಾಣುವುದಿಲ್ಲ," ಅಂದ ನನಗೆ. ಅಷ್ಟೇ ಹೇಳಿದ್ದು.

ಗೇಟಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಹೋದ. ಉಯ್ಯಾಲೆ ನಿಂತಿತು... ಯಾರೋ ಕಾಲು ಊರಿ ನಿಲ್ಲಿಸಿದ ಹಾಗೆ. ಅಣ್ಣ ಮರಳಿನಲ್ಲಿ ಮಂಡಿಯೂರಿ ಚೀಲದಿಂದ ಸ್ಪ್ಯಾನರ್ ತೆಗೆದು ಎಡಬದಿಯ ಪಿನ್ನು ಬಿಚ್ಚಿದ. ಹಲಗೆಯ ಆ ತುದಿಯನ್ನು ಮೇಲೆ ಎತ್ತಬೇಕಲ್ಲ, ಎತ್ತಿದ. ಏಳಲಿಲ್ಲ. ಬರೀ ಹಲಗೆ ಅಂದರೆ ಎರಡು ಕಿಲೋ ಇಲ್ಲ. ಇದು ಮಗು ಕೂತಷ್ಟು ಭಾರ. ಅಣ್ಣ ಇನ್ನೊಮ್ಮೆ ಎತ್ತಿದ. ಬಾಯಿಗೆ ಬಂದದ್ದು, ಊರಲ್ಲಿ ಗ್ರೀಷ್ಮಾಳಿಗೆ ಹೇಳಿ ರೂಢಿಯಾದ ಮಾತು.

"ಸ್ವಲ್ಪ ಇಳಿ ಮಗಾ."

ಹಲಗೆ ಹಗುರ ಆಯಿತು.

ಎರಡೂ ಬದಿ ಒಂದೊಂದು ಕೊಂಡಿ ಮೇಲೆ ಹಾಕಿದ. ಐದು ನೇತಾಡಿತು. ಎದ್ದು ಹಿಂದೆ ಸರಿದ. ಚೈನು ಎರಡೂ ಜಗ್ಗಿ ಬಿಗಿಯಾಯಿತು... ಕಿರ್ರ್... ಟಕ್. ಕಿರ್ರ್... ಟಕ್. ಸರ್ರಕ್ ಇರಲಿಲ್ಲ. ಕಿಟಕಿಯಲ್ಲಿ ಆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅವರ ಹಿಂದೆ ಗೋಪಿನಾಥ್ ಸಾರ್. ಸಾರ್ ಉಯ್ಯಾಲೆಯನ್ನು ನೋಡುತ್ತಿರಲಿಲ್ಲ, ಅಣ್ಣನನ್ನು ನೋಡುತ್ತಿದ್ದರು. ಸಿಟ್ಟು ಇರಲಿಲ್ಲ ಅಂತೆ ಆ ಮುಖದಲ್ಲಿ. ಎಲ್ಲ ಮುಗಿದ ಹಾಗೆ ಇತ್ತು.

ಕತೆ ಇಲ್ಲಿಗೇ ನಿಂತಿದ್ದರೆ ಒಳ್ಳೆಯದಿತ್ತು.

ಮುಂದಿನ ಜೂನಿಗೆ ಸಾರ್ ಅವರ ಕೆಲಸ ಹೋಯಿತು. ಕಂಪನಿ ಖಲಾಸ್, ವೀಸಾ ಖಲಾಸ್. ವಿಲ್ಲಾ ಹೇಗೆ ಕೊಟ್ಟಿದ್ದರೋ ಹಾಗೇ ವಾಪಸ್ ಕೊಡಬೇಕು, ಹಿತ್ತಲಲ್ಲಿ ಏನೂ ಇರಬಾರದು ಅಂದನಂತೆ ಮಾಲೀಕ. ಬಿಚ್ಚಲಿಕ್ಕೆ ಅಣ್ಣನನ್ನೇ ಕರೆದರು. ಬ್ರಾಕೆಟ್ ಒಂದೊಂದೇ ಬಿಚ್ಚುವಾಗ ಆ ಅಮ್ಮ ಹತ್ತಿರ ಬಂದು ಕೇಳಿದರು.

"ನಾವು ಹೋದ ಮೇಲೆ ಅವಳು ಎಲ್ಲಿರ್ತಾಳೆ?"

ಅಣ್ಣ ಎಂತ ಹೇಳಬೇಕು? ನೀನಾದರೆ ಎಂತ ಹೇಳ್ತಿದ್ದೆ?

"ನಾನು ಬೇರೆ ಕಡೆ ಕಟ್ಟಿ ಕೊಡ್ತೇನೆ ಅಮ್ಮ. ನಾನು ನೋಡ್ಕೊಳ್ತೇನೆ."

ಸುಳ್ಳು. ಆರು ಜನ ಮಲಗುವ ರೂಮಿನವನು ಎಲ್ಲಿ ಕಟ್ಟುವುದು? ಮರ ಎಲ್ಲ ಯಾವುದೋ ಸೈಟಿನ ಸೆಂಟ್ರಿಂಗಿಗೆ ಹೋಯಿತು. ಹಲಗೆ ಮತ್ತು ಚೈನು ಮಾತ್ರ ಎಸೆಯಲಿಕ್ಕೆ ಕೈ ಬರಲಿಲ್ಲ ಅಂತ ಇಲ್ಲಿಗೆ ತಂದು ಮೊಳೆಗೆ ಹಾಕಿದ. ಅಲ್ ಥುಮಾಮಾದ ಈ ರೂಮಿನ ಗೋಡೆಗೆ. ಅದೇ ಮೊಳೆ.

ಆ ಡಿಸೆಂಬರಿನಲ್ಲಿ ಮೈಸೂರಿನಿಂದ ಮೆಸೇಜು. "ದೂಮಪ್ಪನವರೇ, ಒಂದು ಕೊಂಡಿ ಮೇಲೆ ಹಾಕಿದ್ರಾ? ಈಗ ಕಾಲು ಉಜ್ಜೋ ಹೊತ್ತು." ಅಣ್ಣ ಮೊಳೆಯ ಕಡೆ ಒಮ್ಮೆ ನೋಡಿದ. ಆಮೇಲೆ ಬರೆದ, "ಹಾಕಿದೆ ಅಮ್ಮ." ಬೆಳಿಗ್ಗೆ ನೋಡಿದರೆ ಐದು ನೇತಾಡುತ್ತಿದ್ದ ಕಡೆ ಆರು. ರೂಮಿನವರನ್ನೆಲ್ಲ ಕೇಳಿದೆವು, ಯಾರೂ ಮುಟ್ಟಿದವರಿಲ್ಲ. ಮುಂದಿನ ಜೂನಿಗೆ ಇನ್ನೊಂದು ಮೆಸೇಜು, ಇನ್ನೊಂದು "ಹಾಕಿದೆ ಅಮ್ಮ." ಏಳು.

ನನಗೆ ಈ ಹಲಗೆಯ ಹೆದರಿಕೆ ಅಷ್ಟಿಲ್ಲ ಶರಣ್. ಅಣ್ಣನನ್ನು ನೋಡಿದರೆ ಹೆದರಿಕೆ ಆಗುತ್ತದೆ. ಊರಿಗೆ ಹೋಗದೆ ನಾಲ್ಕು ವರ್ಷ ಆಯಿತು. ಎರಡು ಸಲ ರಜೆ ಸಿಕ್ಕಿತ್ತು, ಎರಡು ಸಲವೂ ಬೇಡ ಅಂದ. ನಾನು ಹೋದರೆ ಇಲ್ಲಿ ಇಳಿ ಮಗಾ ಅಂತ ಹೇಳುವವರು ಯಾರು ಅಂತ ಕೇಳ್ತಾನೆ. ಗ್ರೀಷ್ಮಾ ಈಗ ಫೋನಿಗೆ ಬರುವುದು ನಿಲ್ಲಿಸಿದ್ದಾಳೆ. ಅಪ್ಪ ಅಂದರೆ ಅವಳಿಗೆ ಒಂದು ಸ್ವರ ಮಾತ್ರ. ಅತ್ತಿಗೆ ಅತ್ತು ಅತ್ತು ಸಾಕಾಗಿ ಈಗ ಅಳುವುದೂ ಇಲ್ಲ. ನಾನು ಹೇಳಿ ನೋಡಿದೆ, ಬೈದು ನೋಡಿದೆ. ಆಗುವ ಮಾತಲ್ಲ.

ಇವತ್ತು ಸಂಜೆ ಮೂರನೇ ಮೆಸೇಜು ಬಂತು. ನೀನು ಸ್ನಾನಕ್ಕೆ ಹೋಗಿದ್ದೆ. ಅಣ್ಣ ಊಟಕ್ಕೆ ಕೂತವನು ಎಡಗೈಯಲ್ಲೇ ಟೈಪ್ ಮಾಡಿದ, ತಟ್ಟೆ ತೊಳೆದ, ಡ್ಯೂಟಿಗೆ ಹೋದ. ನಾವು ಮಲಗಲಿಕ್ಕೆ ಬಂದ ಕೂಡಲೇ ನಾನು ಎಣಿಸಿದ್ದೇನೆ. ಏಳು ಇತ್ತು. ಆಮೇಲೆ ನಾವಿಬ್ಬರೂ ಈ ಮಂಚ ಬಿಟ್ಟು ಎದ್ದಿಲ್ಲ, ಅಲ್ವಾ?

ಮೊಬೈಲಿನ ಟಾರ್ಚ್ ಹಾಕು. ಎಡಬದಿ, ಶ್ಯಾಕಲಿನ ಕೆಳಗೆ ನೇತಾಡುವುದನ್ನು ಎಣಿಸು. ಮುಟ್ಟಬೇಡ... ದೂರದಿಂದ.

ಎಷ್ಟು?

...ಇನ್ನೊಮ್ಮೆ ಎಣಿಸು.

ಹ್ಞೂಂ. ಎಂಟು.

ನಾನು ಕತೆ ಕಟ್ಟುವವನಲ್ಲ ಶರಣ್, ನಿನ್ನ ಕಣ್ಣೆದುರೇ ಉಂಟು. ಟಾರ್ಚನ್ನು ಸ್ವಲ್ಪ ಹತ್ತಿರ ಹಿಡಿದು ಆ ಶ್ಯಾಕಲಿನ ಪಿನ್ನು ನೋಡು. ತುಕ್ಕು ಹಿಡಿದು ಕೂತಿದೆ. ಎರಡು ವರ್ಷದಿಂದ ಅದಕ್ಕೆ ಸ್ಪ್ಯಾನರ್ ಮುಟ್ಟಿಲ್ಲ.