ಮೂರನೇ ಸೀಟಿನವನು

ಹುಳಿಮಾವು ಕೆರೆ ಕಡೆಯಿಂದ ನಮ್ಮ ಬೀದಿಗೆ ತಿರುಗೋ ಕಡೆ ಒಂದು ಆಲದ ಮರ ಇದೆ. ಪಕ್ಕದಲ್ಲೇ ಬೀದಿದೀಪ ಇದ್ದರೂ ಬೆಳಕು ಬುಡಕ್ಕೆ ಬೀಳೋದಿಲ್ಲ. ರಾತ್ರಿ ಹತ್ತೂವರೆ. ಭಾಗ್ಯಜ್ಯೋತಿ ತಾನು ಕೆಲಸ ಮಾಡೋ ಶೆಡ್ಡಿಂದ ಒಬ್ಬಳೇ ನಡೆದು ಬರ್ತಿದ್ದಳು. ಹಿಂದಿನಿಂದ ಸದ್ದು…

ಠಕ್… ಠಕ್… ಠಕ್.

ಚಪ್ಪಲಿ ಸದ್ದಲ್ಲ. ಮೊಳೆ ಹೊಡೆದ ಬೂಟು, ಟಾರು ರಸ್ತೆ ಮೇಲೆ. ಅವಳು ನಿಂತಳು. ಬೂಟೂ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಓಡ್ತಿದ್ದರು. ಅವಳು ಬ್ಯಾಗನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕ್ಕೊಂಡು ಮತ್ತೆ ನಡೆದಳು. ಹಿಂದೆ ಬರ್ತಿರೋದು ಯಾರು ಅಂತ ಅವಳಿಗೆ ಗೊತ್ತಿತ್ತು. ಅವನನ್ನ ಇಳಿಸಿದವಳು ಅವಳೇ.

ಇವಳು ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗೆ ಇರೋಳು. ಗದಗಿನ ಕಡೆಯವಳು, ಜೊತೆಗೆ ತಾಯಿ ಶಂಕ್ರವ್ವ. ಗಂಡ ಸಿದ್ದಾರೂಢ ಹೋದ ವರ್ಷ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಹೆಣ ಮನೆ ಮುಂದೆ ಬಂದಾಗ ಇವಳು ನೀರಿನ ಮೋಟರ್ ಆಫ್ ಮಾಡೋಕೆ ಹೋದಳು. ಟ್ಯಾಂಕ್ ತುಂಬಿ ಹರೀತಿತ್ತು. ಅವತ್ತು ಅಳಲಿಲ್ಲ, ಆಮೇಲೂ ಅಳಲಿಲ್ಲ. ಹಲ್ಲು ಕೀಳೋಕೆ ಮುಂಚೆ ಸೂಜಿ ಕೊಟ್ಟರೆ ದವಡೆ ಮರಗಟ್ಟುತ್ತಲ್ಲ… ಹಾಗೇ ಓಡಾಡ್ತಿದ್ದಳು. ರಾತ್ರಿ ನಿದ್ದೆ ಇಲ್ಲ. ಕೆಲಸ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಕೆಲಸ ವೈರಿಂಗು. ಆ ಶೆಡ್ಡಿಗೆ ಆರ್ಮಿಯ ಹಳೇ ಸ್ಕೌಟ್ ಕಾರುಗಳು ಬರ್ತವೆ. ದಪ್ಪ ಉಕ್ಕಿನ ಮೈ, ನಾಲ್ಕು ಚಕ್ರ. ಎಲ್ಲರಿಗಿಂತ ಮುಂದೆ ಹೋಗಿ ವೈರಿ ಎಲ್ಲಿದ್ದಾನೆ ಅಂತ ನೋಡ್ಕೊಂಡು ಬರೋ ಗಾಡಿ. ಗುಜರಿಗೆ ಹಾಕೋ ಬದಲು ಹೊಸ ಡೀಸೆಲ್ ಎಂಜಿನ್ನು, ರಾತ್ರಿ ಕಾಣೋ ಕ್ಯಾಮೆರಾ, ಹೊಸ ರೇಡಿಯೋ ಕೂರಿಸಿ ಮತ್ತೆ ಕೆಲಸಕ್ಕೆ ಕಳಿಸ್ತಾರೆ. ಮೊದಲು ಮೂವರು ಕೂರೋ ಗಾಡಿ ಅದು. ಈಗ ವೈರ್‌ಲೆಸ್ ನೋಡ್ಕೊಳ್ಳೋಕೆ ಪ್ರತ್ಯೇಕ ಮನುಷ್ಯ ಬೇಡ. ವೆಲ್ಡರ್ ಉಗ್ರಪ್ಪ ಆ ಮೂರನೆಯವನು ಕೂರ್ತಿದ್ದ ಹಿಂದಿನ ಸೀಟನ್ನು ಕತ್ತರಿಸಿ ತೆಗೆದ. ಆ ಜಾಗದಲ್ಲಿ ಬ್ಯಾಟರಿ ಪೆಟ್ಟಿಗೆ ಕೂತಿತು.

ಶುರುವಾಗಿದ್ದು ಆಮೇಲೆ.

ಗಾಡಿ ಒಳಗೆ ಮಾತಾಡೋಕೆ ಎರಡು ಹೆಡ್‌ಸೆಟ್ಟು. ಡ್ರೈವರಿಗೊಂದು, ಕಮಾಂಡರಿಗೊಂದು. ಇವಳು ಬಟನ್ ಒತ್ತಿ "ಟೆಸ್ಟ್" ಅಂದಳು. ಉಗ್ರಪ್ಪ ಇನ್ನೊಂದರಲ್ಲಿ "ಓಕೆ" ಅಂದ. ಅದರ ಬೆನ್ನಿಗೇ…

ಟಿಕ್ ಟಿಕ್.

ಯಾರೋ ಮೂರನೇ ಬಟನ್ನನ್ನು ಎರಡು ಸಲ ಒತ್ತಿ ಬಿಟ್ಟ ಹಾಗೆ. ಮೂರನೇ ಬಟನ್ನೇ ಇಲ್ಲ. ಅದರ ವೈರನ್ನೂ ಅವಳೇ ಕಿತ್ತಿದ್ದಳು. ಮೂರು ದಿನ ಎಲ್ಲಾ ಬಿಚ್ಚಿದಳು, ಮತ್ತೆ ಹಾಕಿದಳು. ಟಿಕ್ ಟಿಕ್.

ಸೂಪರ್‌ವೈಸರ್ ಅನಂತರಾಮು ಮೂರನೇ ದಿನ ಸಂಜೆ ಬಂದು ನಿಂತರು. "ನೋಡಮ್ಮ, ಬೆಳಗ್ಗೆ ಒಂಬತ್ತಕ್ಕೆ ಇನ್ಸ್‌ಪೆಕ್ಷನ್. ಆ ಸದ್ದು ಹೋಗ್ಲಿಲ್ಲ ಅಂದ್ರೆ ಗಾಡಿ ರಿಜೆಕ್ಟ್. ಆಮೇಲೆ ನಿನ್ನನ್ನ ಉಳಿಸ್ಕೊಳ್ಳೋದು ನನ್ನ ಕೈಲಿಲ್ಲ."

"ಹೂಂ ಸಾರ್," ಅಂದಳು. ಮನೇಲಿ ದುಡಿಯೋಳು ಅವಳೊಬ್ಬಳೇ.

ಎಲ್ಲರೂ ಹೋದರು. ಉಗ್ರಪ್ಪ ಬಾಗಿಲ ತನಕ ಹೋಗಿ ವಾಪಸ್ ಬಂದ. ದನಿ ತಗ್ಗಿಸಿದ. "ನೀನೂ ನಡಿಯಮ್ಮ. ಆ ಸೀಟು ಕತ್ತರಿಸುವಾಗ… ಬೆಲ್ಟ್ ಹಾಕಿತ್ತು."

"ಹಾಕಿದ್ರೆ ಏನಣ್ಣ?"

"ಖಾಲಿ ಸೀಟಲ್ವಾ? ಬೆಲ್ಟು ಕೆಳಗೆ ಬಿದ್ದಿರ್ಬೇಕು ತಾನೆ. ಒಬ್ಬ ಮನುಷ್ಯ ಕೂತಿರೋವಷ್ಟು ಜಾಗ ಬಿಟ್ಟು, ಗಾಳೀಲಿ ಬಿಗಿದು ನಿಂತಿತ್ತು. ನಾನು ಯಾರ್ಗೂ ಹೇಳ್ಲಿಲ್ಲ."

ಅವನು ಹೋದ. ಇವಳು ಗಾಡಿಯೊಳಗೆ ಇಳಿದು ಕೂತಳು. ಹೆಡ್‌ಸೆಟ್ ಹಾಕ್ಕೊಂಡಳು. ಕಿವಿಯಲ್ಲಿ ಸುಂಯ್ ಅನ್ನೋ ಸದ್ದು ಬಿಟ್ಟರೆ ಏನಿಲ್ಲ. ಬಟನ್ ಒತ್ತಿದಳು.

"ಯಾರರೆ ಅದೀರೇನ್ರಿ?"

ಟಿಕ್ ಟಿಕ್.

ಮತ್ತೆ ಬಟನ್ ಒತ್ತಿದಳು. "ಗಾಡಿ ನಾಳೆ ಹೊಂಟೈತ್ರಿ. ನಿಮ್ಮ ಸೀಟ ತಗದಾರ. ಇದರಾಗ ಈಗ ಇಬ್ಬರಿಗಷ್ಟ ಜಾಗ… ಇಳೀರಿ."

ಕಿವಿಯಲ್ಲಿ ಅದೇ ಸುಂಯ್ ಸದ್ದು.

"ನಿಮ್ಮ ಕೆಲಸ ಮುಗದೈತ್ರಿ." ಅವಳು ಮೆಲ್ಲಗೆ ಕೇಳಿದಳು, "ನಿಮಗ ಯಾರೂ ಹೇಳೇ ಇಲ್ಲೇನ್ರಿ… ಮುಗದೈತಂತ?"

ಟಿಕ್.

ಒಂದೇ ಸಲ. ಆಮೇಲೆ ಗಾಡಿಯ ಹಿಂಬದಿ ಸ್ಪ್ರಿಂಗು ಕಿರ್ರ್… ಅಂತು. ದಪ್ಪ ಆಸಾಮಿ ಇಳಿದರೆ ಜೀಪು ಮೇಲೇಳುತ್ತಲ್ಲ, ಹಾಗೆ ಗಾಡಿ ಒಂದೆರಡು ಬೆರಳಷ್ಟು ಮೇಲೆದ್ದಿತು. ಹೊರಗೆ ಸಿಮೆಂಟ್ ನೆಲದ ಮೇಲೆ… ಠಕ್.

ಅವಳು ಐದು ಸಲ ಟೆಸ್ಟ್ ಮಾಡಿದಳು. ಸದ್ದಿಲ್ಲ. ಶೀಟಲ್ಲಿ ಓಕೆ ಅಂತ ಬರೆದು, ಶೆಡ್ಡಿಗೆ ಬೀಗ ಹಾಕಿ ಹೊರಟಳು. ಆಲದ ಮರ ದಾಟಿದಳು. ಬೂಟಿನ ಸದ್ದು ನಮ್ಮ ಗೇಟಿನ ತನಕ ಬಂತು. ಅವಳು ತಿರುಗಿ ನೋಡಲಿಲ್ಲ.

"ಇಲ್ಲಿಂದ ಮುಂದ ಬರಬ್ಯಾಡ್ರಿ," ಅಂದಳು. "ಮ್ಯಾಲೆ ನಮ್ಮವ್ವ ಅದಾಳ."

ಸದ್ದು ನಿಂತಿತು.

ಶಂಕ್ರವ್ವ ಬಾಗಿಲು ತೆಗೆದು, "ಯಾರ ಜೋಡಿ ಮಾತಾಡಾಕತ್ತಿದ್ದಿ?" ಅಂದಳು.

"ಕೆಲಸದವ್ರವ್ವ."

ಊಟ ಮಾಡಿ ಮಲಗಿದಳು. ಅವತ್ತು ನಿದ್ದೆ ಬಂತು. ಕಲ್ಲು ಬಿದ್ದ ಹಾಗೆ.

ಬೆಳಗ್ಗೆ ಎದ್ದಾಗ ಶಂಕ್ರವ್ವ ಹೇಳಿದಳು, "ಬೆಳಕ ಹರಿಯೂಕಿಂತ ಮೊದಲ ಗೇಟಿನ್ಯಾಗ ಒಬ್ಬಾಂವ ನಿಂತಿದ್ದ. ಎತ್ತರದಾಂವ, ಹಸರ ಅಂಗಿ. ಕನ್ನಡ ಸರಿ ಬರ್ತಿರಲಿಲ್ಲ. ಕೈ ಮಾಡಿ ನೀರ ಕೇಳಿದ. ತಂಬಗಿ ತುಂಬ ಕೊಟ್ಟೆ, ಗಟಗಟ ಕುಡದ. ಆಮ್ಯಾಲೆ ಟೇಶನ್ ಯಾ ಕಡೆ ಅಂದ. ಊರಿಗಿ ಹೊಂಟಿದ್ದನಂತ."

"ಯಾ ಊರಂತವ್ವ?"

"ಕೇಳಲಿಲ್ಲ ಯವ್ವಾ."

"ಕೇಳಬೇಕಿತ್ತು…" ಅಂದಳು ಭಾಗ್ಯಜ್ಯೋತಿ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು. ಮತ್ತೆ ಎದ್ದು ತಲೆ ಬಾಚಿಕೊಂಡು ಕೆಲಸಕ್ಕೆ ಹೋದಳು. ಗಾಡಿ ಪಾಸಾಯ್ತು. ಮಧ್ಯಾಹ್ನ ಟ್ರೇಲರ್ ಹತ್ತಿ ಹೋಯ್ತು. ಅವಳು ಇವತ್ತಿಗೂ ಅದೇ ಶೆಡ್ಡಲ್ಲಿದ್ದಾಳೆ, ಬೇಕಾದರೆ ಹೋಗಿ ಕೇಳಿ.

ಇಷ್ಟೂ ಅವಳು ಹೇಳಿದ್ದು. ನಾನು ಕಂಡಿದ್ದು ಇಷ್ಟೇ. ಅವತ್ತು ಬೆಳಗ್ಗೆ ಬಾಗಿಲಿಗೆ ನೀರು ಹಾಕೋಕೆ ಬಂದೆ. ಗೇಟಿನ ಕಂಬದ ಮೇಲೆ ಶಂಕ್ರವ್ವನ ತಂಬಿಗೆ ಇತ್ತು. ಒಂದು ಹನಿ ಬಿಡದೆ ಕುಡಿದ, ಬೋರಲು ಹಿಡಿದು ತೋರಿಸಿದ ಅಂತ ಆಕೆ ಈಗಲೂ ಆಣೆ ಇಡ್ತಾಳೆ. ತಂಬಿಗೆ ಕಂಠದ ತನಕ ತುಂಬಿತ್ತು. ಆ ನೀರನ್ನ ನಾನೇ ತುಳಸಿಗೆ ಹಾಕಿದೆ.