ತೊದಲು ಮಾತಿಗೆ ಪೇಟೆಂಟ್

ಆ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಪೇಟೆಂಟ್ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ. ಪಾರ್ಶ್ವವಾಯು ಬಡಿದವರ ತೊದಲನ್ನು ತಿಳಿಮಾತಾಗಿಸುವ ಸಾಫ್ಟ್‌ವೇರ್ ಬರೆದವರೆಂದು ಅವರ ಮಾತಿನಿಂದಲೇ ತಿಳಿಯಿತು.

“ಸಹಿ ಹಾಕಕ್ಕಾ. ನಾವು ಪೇಟೆಂಟ್ ತಗೊಳ್ದಿದ್ರೆ ಯಾವ್ದೋ ಕಂಪನಿ ತಗೊಂಡು ನಮ್ಮನ್ನೇ ಹೊರಗೆ ಹಾಕುತ್ತೆ.”

“ತಗೊಂಡ್ರೆ ನಾವು ಬೇರೆಯವರನ್ನ ಹೊರಗೆ ಹಾಕ್ತೀವಿ.”

“ಬರೆದೋರು ನಾವು.”

“ಕಲಿಸಿದ್ದು ಅಮ್ಮ. ‘ನೀರು’ ಅನ್ನೋಕೆ ಎಷ್ಟು ಹೊತ್ತು ಉಸಿರು ಹಿಡೀತಿದ್ಲು, ಅದನ್ನ ಕೇಳಿ ತಾನೆ ನೀನು ಲೆಕ್ಕ ಕಟ್ಟಿದ್ದು? ಆ ಉಸಿರಿಗೆ ಬೇಲಿ ಹಾಕ್ತೀಯೇನೋ?”

“ಪುರಾಣ ಕೇಳಿದ್ರೆ ಹೊಟ್ಟೆ ತುಂಬಲ್ಲಕ್ಕಾ.”

“ಮಾರೋದು ಬೇಡ ಅಂದೆನಾ? ಇನ್ನೊಬ್ರು ತಾವೇ ಬರ್ಕೊಳ್ಳೋದನ್ನ ತಡೆಯೋದು ಬೇಡ ಅಂದೆ.”

“ಹಾಗಾದ್ರೆ ನಾನು ಒಂಟಿಯಾದೆ.”

“ನಾನೇನು ಜಾತ್ರೇಲಿದೀನಾ? ಅಮ್ಮ ಹೋದ್ಮೇಲೆ ಮನೇಲಿ ಮಾತೇ ಇಲ್ಲ. ಕೆಲಸ ಮುಗಿದ್ಮೇಲೆ ಕೊಡ್ತೀನಿ ಅಂತ ಅವಳ ದನಿ ಇರೋ ರೆಕಾರ್ಡರ್ ಒಯ್ದೆಯಲ್ಲ, ಅದನ್ನಾದ್ರೂ ಕೊಡು.”

ಗುಮಾಸ್ತ ಅವರ ಸರದಿ ಕೂಗಿದ. ಇಬ್ಬರೂ ಕಿಟಕಿಯತ್ತ ಹೋಗಲಿಲ್ಲ. ಸಾಲು ಬಿಟ್ಟು ಬಾಗಿಲಿಗೆ ನಡೆದರು. ಅಲ್ಲಿ ತಮ್ಮನು ತನ್ನ ಕಿಸೆಯಿಂದ ಪುಟ್ಟ ರೆಕಾರ್ಡರ್ ತೆಗೆದು, ಅಂಗಿಯಂಚಿನಲ್ಲಿ ಒರೆಸಿ, ದೇವರ ದೀಪ ದಾಟಿಸುವಂತೆ ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ.