ಮೂಲೆಯ ಮೇಜಿನವರು

ತತ್ವಶಾಸ್ತ್ರಕ್ಕೆ ಸೇರುವುದು ಬೇಡವೇ ಬೇಡ ಎಂದು ಬೆಳಗಿನಿಂದ ಮಗಳೊಡನೆ ಜಗಳವಾಡಿದ್ದ ತಾಯಿ, ಅವಳ ಜೊತೆಗೇ ವಿಶ್ವವಿದ್ಯಾಲಯದ ಕ್ಯಾಂಟೀನಿನ ಸಾಲಿನಲ್ಲಿ ನಿಂತು ಮೂಲೆಯ ಮೇಜಿನ ಗಡ್ಡಗಳನ್ನೂ ಸುಕ್ಕು ಅಂಗಿಗಳನ್ನೂ ನೋಡಿ ಮೂಗು ಮುರಿದರು. ಅವರ ಮುಂದೆ ಬಿಳಿ ಕೋಟಿನ ಇಬ್ಬರು ಹುಡುಗಿಯರು ಮಾತಾಡುತ್ತಿದ್ದರು.

“ಅಕ್ಕಾ, ಅವ್ರು ಬೆಳಗ್ಗೆಯಿಂದ ಅಲ್ಲೇ ಕೂತಿದಾರೆ. ಒಂದೊಂದೇ ಚಹಾ!”

“ತತ್ವಶಾಸ್ತ್ರದವ್ರು ಕಣೇ.”

“ಆ ಅಂಗಿಗಳು ಇಸ್ತ್ರಿ ಮುಖಾನೇ ಕಂಡಿಲ್ಲ.”

“ನಮ್ಮ ಕೋಟು ಆಸಿಡ್ ನಾರುತ್ತೆ, ಸುಮ್ನಿರು.”

“ಮೇಜು ಅವ್ರ ಅಪ್ಪಂದಾ?”

“ನಮಗೆ ಲ್ಯಾಬ್‌ನಿಂದ ಊಟಕ್ಕೆ ಬಿಡೋದೇ ಕಾಲು ಗಂಟೆ. ಬರೋ ಹೊತ್ತಿಗೆ ಒಂದು ಕುರ್ಚಿನೂ ಖಾಲಿ ಇರ್ತಿರ್ಲಿಲ್ಲ. ಹೋದ ವರ್ಷ ನಾನು ನಿಂತ್ಕೊಂಡು ತಿನ್ನುವಾಗ ತಲೆಸುತ್ತಿ ಬಿದ್ದೆ. ಮಾರನೇ ದಿನದಿಂದ ಅವ್ರು ಆ ಮೇಜು ಬಿಟ್ಟಿಲ್ಲ.”

“ನಿನಗೋಸ್ಕರಾನಾ?”

“ಲ್ಯಾಬಿನವ್ರೆಲ್ಲರಿಗೋಸ್ಕರ. ಬಾ, ತಣ್ಣಗಾಗುತ್ತೆ.”

ಅವರು ತಟ್ಟೆ ಹಿಡಿದು ಹೊರಟಿದ್ದೇ ತಡ, ಗಡ್ಡಗಳೆಲ್ಲ ಎದ್ದು ನಿಂತವು. ಆರಿಹೋದ ಚಹಾ ಕೈಯಲ್ಲಿ ಹಿಡಿದು ಗೋಡೆಗೊರಗಿ, ಬಿಟ್ಟಲ್ಲಿಂದಲೇ ವಾದ ಮುಂದುವರಿಸಿದವು. ಕೋಟುಗಳು ಕೂತು, ತಲೆ ಎತ್ತದೆ ಉಣ್ಣತೊಡಗಿದವು.

ತಾಯಿ ತುಂಬಾ ಹೊತ್ತು ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, ಇನ್ನೂ ಸಿಟ್ಟಿನಲ್ಲಿರುವವರಂತೆಯೇ ಕೇಳಿದರು:

“ನಿನ್ನ ಕೈಲಿ ಅಷ್ಟು ಹೊತ್ತು ಕೂರೋಕಾಗುತ್ತೇನೇ?”